ನಮ್ಮ ಬೋಗಿಯ ಕಂದು ಬಾಚಣಿಗೆ ಯಾರ ಜೇಬಿನಲ್ಲಿದೆ?

ಕಿಟಕಿ ಸೀಟು
29 ಅಕ್ಟೋಬರ್ 2016, ಬೆಳಿಗ್ಗೆ 9.10

ಎಲ್ಲರಿಗೂ ನರಕ ಚತುರ್ದಶಿಯ ಶುಭಾಶಯ. ಎಣ್ಣೆ ಸ್ನಾನ ಆಯಿತು, ಹೋಳಿಗೆಗೆ ಇನ್ನೂ ಹೊತ್ತಿದೆ. ಅದಕ್ಕೇ ಈ ಪ್ರಶ್ನೆ. ನಮ್ಮ ಬೆಳಗಿನ ಪ್ಯಾಸೆಂಜರ್‌ನ ಕಂದು ಬಾಚಣಿಗೆ ಯಾರ ಹತ್ತಿರ ಇದೆ?

ಹೊಸಬರಿಗಾಗಿ ಹೇಳುತ್ತೇನೆ. ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವ ನಮಗೆ ಹಿಂದಿನಿಂದ ಮೂರನೇ ಬೋಗಿಯೇ ಮನೆ. ಕ್ಯಾತ್ಸಂದ್ರದಲ್ಲಿ ಹತ್ತುವಾಗ ಎಲ್ಲರ ತಲೆಯೂ ನೀಟಾಗಿರುತ್ತದೆ. ದಾಬಸ್‌ಪೇಟೆ, ದೊಡ್ಡಬೆಲೆ ದಾಟಿ ಸೋಲದೇವನಹಳ್ಳಿಗೆ ಬರುವಷ್ಟರಲ್ಲಿ ಕಿಟಕಿ ಗಾಳಿಗೆ ಕಾಗೆ ಗೂಡು. ಯಶವಂತಪುರ ಬಿಟ್ಟ ಮೇಲೆ ಬಾಚಣಿಗೆ ಹೊರಗೆ ಬರುತ್ತದೆ. ಒಬ್ಬರು ಬಾಚಿ, ಉಫ್ ಅಂತ ಊದಿ, ಪಕ್ಕದವರಿಗೆ ದಾಟಿಸುತ್ತಾರೆ. ಪಕ್ಕದ ಹಳಿಯಲ್ಲಿ ಗೂಡ್ಸ್ ಗಾಡಿ ನಿಂತಿದ್ದರೆ ಕಿಟಕಿ ಗಾಜು ಕಪ್ಪಗಾಗಿ ಮುಖ ಕಾಣುತ್ತದೆ. ಅದು ಮುಗಿಯುವ ಮುಂಚೆ ಬೈತಲೆ ತೆಗೆದುಬಿಡಬೇಕು. ಮಲ್ಲೇಶ್ವರ ಬಂದಾಗ ಒಂದು ಸುತ್ತು ಮುಗಿದು ಬಾಚಣಿಗೆ ನನ್ನ ಕೈಗೆ ಬರಬೇಕು.

ಗುರುತು ಹೇಳುತ್ತೇನೆ. ಐದು ಇಂಚು ಉದ್ದ. ಅರ್ಧ ದಪ್ಪ ಹಲ್ಲು, ಅರ್ಧ ಸಣ್ಣ ಹಲ್ಲು. ಸಣ್ಣ ಕಡೆ ತುದಿಯಿಂದ ಮೂರು ಹಲ್ಲು ಇಲ್ಲ. ಶುಕ್ರವಾರ ನಾನು ಕೊಟ್ಟಿದ್ದು ಚೆನ್ನಾಗಿ ನೆನಪಿದೆ. ವಾಪಸ್ ಯಾರೂ ಕೊಡಲಿಲ್ಲ.

ಗುಬ್ಬಿ ಗೇಟ್
29 ಅಕ್ಟೋಬರ್, ಬೆಳಿಗ್ಗೆ 9.25

ಹಬ್ಬದ ದಿನವೂ ಅದೇ ಚಿಂತೆನಾ ಗುರು? ನಾನಂತೂ ತೆಗೆದುಕೊಂಡಿಲ್ಲ. ನನ್ನ ತಲೆಗೆ ಐದು ಬೆರಳೇ ಜಾಸ್ತಿ.

ಟಿವಿ ನೋಡಿದ್ರಾ? ಹಿಲರಿ ಕ್ಲಿಂಟನ್ ಇಮೇಲ್ ಕೇಸನ್ನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಮತ್ತೆ ಕೆದಕಿದ್ದಾರೆ. ಅವರು ನಿಂತಿರುವ ಅಧ್ಯಕ್ಷ ಚುನಾವಣೆಗೆ ಹತ್ತೇ ದಿನ ಬಾಕಿ. ಯಾರದೋ ಲ್ಯಾಪ್‌ಟಾಪ್‌ನಲ್ಲಿ ಇನ್ನಷ್ಟು ಮೇಲ್ ಸಿಕ್ಕಿವೆಯಂತೆ. ನಿನ್ನ ಬಾಚಣಿಗೆಯೂ ಅದೇ ಬ್ಯಾಗಿನಲ್ಲಿರಬಹುದು, ಒಂದು ಅರ್ಜಿ ಗುಜರಾಯಿಸು.

ಲೇಡೀಸ್ ಬೋಗಿ
29 ಅಕ್ಟೋಬರ್, ಬೆಳಿಗ್ಗೆ 9.50

ಒಂದು ನಿಮಿಷ. ಅಷ್ಟೂ ಗಂಡಸರು ಒಂದೇ ಬಾಚಣಿಗೆಯಲ್ಲಿ ಬಾಚಿಕೊಳ್ಳುತ್ತೀರಾ? ಊದಿದರೆ ಸಾಕಾ?

ನಮ್ಮ ಬೋಗಿಯಲ್ಲಿ ಕ್ಲಿಪ್ ಕೊಡುತ್ತೇವೆ, ಸೇಫ್ಟಿ ಪಿನ್ ಕೊಡುತ್ತೇವೆ, ಡಬ್ಬಿಯ ಚಿತ್ರಾನ್ನವನ್ನೂ ಕೊಡುತ್ತೇವೆ. ಬಾಚಣಿಗೆ ಮಾತ್ರ ಯಾರಿಗೂ ಕೊಡುವುದಿಲ್ಲ. ಅಜ್ಜಿ ಜಗಲಿ ಮೇಲೆ ಕೂತು, ಮಂಡಿ ಮಧ್ಯೆ ನಮ್ಮ ತಲೆ ಸಿಕ್ಕಿಸಿಕೊಂಡು, ಹೇನು ತೆಗೆಯುವ ಸಣ್ಣ ಹಲ್ಲಿನ ಸೀರಣಿಗೆ ಹಾಕಿ ಎಳೆದದ್ದು ನೆನಪಿರುವವರು ಯಾರೂ ಕೊಡುವುದಿಲ್ಲ. ಮುಂದೆ ಬಿಳಿ ಪಂಚೆಯ ತುಂಡು ಹಾಸಿರುತ್ತಿದ್ದರು. ಬಿದ್ದದ್ದನ್ನು ಎರಡು ಹೆಬ್ಬೆರಳ ಉಗುರಿನ ಮಧ್ಯೆ ಇಟ್ಟು ಚಟ್ ಅನ್ನಿಸುತ್ತಿದ್ದರು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಮೇಷ್ಟ್ರು
29 ಅಕ್ಟೋಬರ್, ಬೆಳಿಗ್ಗೆ 11.40

ಅಮ್ಮಾ, ಹೇನಿಗೆ ರೆಕ್ಕೆ ಇಲ್ಲ. ಅದು ಹಾರುವುದೂ ಇಲ್ಲ, ನೆಗೆಯುವುದೂ ಇಲ್ಲ. ತಲೆಗೆ ತಲೆ ತಾಗಿದಾಗ ನಡೆದುಕೊಂಡು ದಾಟುತ್ತದೆ. ಬಾಚಣಿಗೆಯ ಮೂಲಕವೂ ಒಮ್ಮೊಮ್ಮೆ ದಾಟಬಹುದು. ಹಾಗಾಗಿ ನಿಮ್ಮ ಅಜ್ಜಿಯ ಶಿಸ್ತು ಸರಿ. ಈ ಹುಡುಗರದು ತಪ್ಪು.

ನನಗೆ ಬಾಚಣಿಗೆಯ ಅವಶ್ಯಕತೆ ತಪ್ಪಿ ಇಪ್ಪತ್ತು ವರ್ಷವಾಯಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರಲ್ಲ, ನನ್ನದು ತಿರುಗುಮುರುಗು. ಹಲ್ಲೆಲ್ಲ ಇರುವ ಬಾಚಣಿಗೆ ನನ್ನ ಹತ್ತಿರ ಇದೆ, ಕೂದಲಿಲ್ಲ. ಅದು ಕೊಂಬಿನದು. 1968ರ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ನಮ್ಮಜ್ಜ ಕೊಡಿಸಿದ್ದು. ನಾವು ಹೋಗಿದ್ದು ದನದ ಜಾತ್ರೆಗೆ. ಹೋರಿ ಬೆಲೆ ಕುದುರಲಿಲ್ಲ. ಬರಿಗೈಲಿ ಮನೆಗೆ ಹೋಗಬಾರದು ಅಂತ ಅಜ್ಜ ನಾಲ್ಕಾಣೆ ಕೊಟ್ಟು ಬಾಚಣಿಗೆ ತೆಗೆದರು. ಅವರು ಬಾಚಣಿಗೆ ಅನ್ನುತ್ತಿರಲಿಲ್ಲ, ಹಣಿಗೆ ಅನ್ನುತ್ತಿದ್ದರು. ಮಗ್ಗದಲ್ಲಿ ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಭಾಗಕ್ಕೂ ಹಣಿಗೆ ಅಂತಲೇ ಹೆಸರು.

ಕೊಂಬನ್ನು ಕಾಯಿಸಿ ಮೆತ್ತಗೆ ಮಾಡಿ, ಒತ್ತಿ ಚಪ್ಪಟೆ ಮಾಡಿ, ಆಮೇಲೆ ಸಣ್ಣ ಗರಗಸದಲ್ಲಿ ಒಂದೊಂದೇ ಹಲ್ಲು ಕೊಯ್ಯಬೇಕು. ಕೊನೆಗೆ ಉಜ್ಜಿ ನುಣುಪು ಮಾಡಬೇಕು. ರೈಲಿನಲ್ಲಿ ನೀವು ಕೊಳ್ಳುವ ಪ್ಲಾಸ್ಟಿಕ್ ಬಾಚಣಿಗೆ ಅಚ್ಚಿಗೆ ಹೊಯ್ದದ್ದು. ಎರಡು ಅಚ್ಚು ಕೂಡುವ ಕಡೆ ಪ್ರತಿ ಹಲ್ಲಿನ ಮೇಲೂ ಸಣ್ಣ ಗೆರೆ ಏಳುತ್ತದೆ. ಉಗುರಿನಿಂದ ಸವರಿ ನೋಡಿ, ತಿಳಿಯುತ್ತದೆ. ಕೂದಲು ಕೀಳುವುದು ಆ ಗೆರೆಯೇ. ಕೊಂಬು, ಕೂದಲು, ಉಗುರು ಮೂರೂ ಒಂದೇ ಪದಾರ್ಥ, ಕೆರಾಟಿನ್. ಅದಕ್ಕೇ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಅಂತ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಹುಡುಗರು ನನ್ನ ತಲೆ ನೋಡಿ ನಗುತ್ತಿದ್ದರು.

ಕೊಬ್ಬರಿ ಮಂಡಿ
29 ಅಕ್ಟೋಬರ್, ಮಧ್ಯಾಹ್ನ 1.15

ಬಾಚಣಿಗೆ ಬಿಡಿ, ಹಿಲರಿ ವಿಷಯಕ್ಕೆ ಬನ್ನಿ. ತಿಪಟೂರಿನಲ್ಲಿ ಕೂತೇ ಹೇಳುತ್ತೇನೆ, ಆಯಮ್ಮ ಸೋತರು. ಮೂವತ್ತು ಸಾವಿರ ಮೇಲ್ ಅಳಿಸಿದ್ದಾರೆ. ತಪ್ಪು ಮಾಡದವರು ಯಾಕೆ ಅಳಿಸುತ್ತಾರೆ? ಗುಟ್ಟಿನ ಕಡತ ಬಯಲು ಮಾಡುವ ವಿಕಿಲೀಕ್ಸ್‌ನವರು ಅವೇ ಮೇಲ್‌ಗಳನ್ನು ದಿನಾ ಬಿಡುತ್ತಿದ್ದಾರಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಬಾಸ್ಟನ್ ಬೆಲ್ಲ
29 ಅಕ್ಟೋಬರ್, ರಾತ್ರಿ 8.20

ಮಂಡಿ ಅಣ್ಣ, ನೀವು ಎರಡು ಬೇರೆ ಬೇರೆ ಚೀಲದ ಕೊಬ್ಬರಿ ಬೆರೆಸಿ ತೂಕಕ್ಕೆ ಹಾಕಿದಿರಿ. ಇಲ್ಲಿಯವರೂ ಅದನ್ನೇ ಮಾಡುತ್ತಾರೆ, ಬೇಜಾರಿಲ್ಲ.

ಮೊದಲನೆಯ ಚೀಲ ಮೇಲ್ ಇಟ್ಟು ಕಳಿಸುವ ಕಂಪ್ಯೂಟರ್, ಅಂದರೆ ಸರ್ವರ್‌ದು. ಹಿಲರಿ 2009ರ ಜನವರಿಯಿಂದ 2013ರ ಫೆಬ್ರವರಿವರೆಗೆ ವಿದೇಶಾಂಗ ಮಂತ್ರಿ. ಆ ನಾಲ್ಕು ವರ್ಷ ಅವರು ಸರ್ಕಾರಿ ಮೇಲ್ ಖಾತೆಯನ್ನೇ ಬಳಸಲಿಲ್ಲ. ನ್ಯೂಯಾರ್ಕ್ ರಾಜ್ಯದ ಚಾಪಕ್ವಾ ಅನ್ನುವ ಊರಿನಲ್ಲಿ ಅವರ ಮನೆ. ಅಲ್ಲೇ ಇಟ್ಟಿದ್ದ ಖಾಸಗಿ ಸರ್ವರ್‌ನಿಂದ ಸರ್ಕಾರಿ ಕೆಲಸದ ಮೇಲ್ ಎಲ್ಲ ಹೋಗುತ್ತಿತ್ತು. 2015ರ ಮಾರ್ಚ್ 2ರಂದು ನ್ಯೂಯಾರ್ಕ್ ಟೈಮ್ಸ್ ಇದನ್ನು ಬರೆದಾಗ ಊರಿಗೆಲ್ಲ ಗೊತ್ತಾಯಿತು. ಎಂಟು ದಿನ ಬಿಟ್ಟು ಅವರು ಪತ್ರಕರ್ತರಿಗೆ ಕೊಟ್ಟ ಕಾರಣ ಅನುಕೂಲ. ಎರಡು ಫೋನ್ ಹಿಡಿದುಕೊಂಡು ಓಡಾಡುವುದು ರಗಳೆ, ಒಂದೇ ಇದ್ದರೆ ಸಲೀಸು ಅಂತ.

ಎರಡನೆಯ ಚೀಲ ಕಳ್ಳತನದ್ದು. ಈ ಜುಲೈನಲ್ಲಿ ಹಿಲರಿಯ ಡೆಮಾಕ್ರಟಿಕ್ ಪಕ್ಷದ ಕಚೇರಿಯ ಮೇಲ್‌ಗಳನ್ನು ವಿಕಿಲೀಕ್ಸ್ ಹೊರಗೆ ಹಾಕಿತು. ಅಕ್ಟೋಬರ್ 7ರಿಂದ ಹಾಕುತ್ತಿರುವುದು ಹಿಲರಿ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಜಿಮೇಲ್. ಪಾಸ್‌ವರ್ಡ್ ಬದಲಿಸಿ ಅಂತ ಗೂಗಲ್ ಹೆಸರಿನಲ್ಲಿ ಬಂದ ಸುಳ್ಳು ಮೇಲ್‌ನಿಂದ ಅದು ಕೈತಪ್ಪಿದ್ದು. ಆ ಮನೆಯ ಸರ್ವರ್‌ಗೂ ಇದಕ್ಕೂ ಸಂಬಂಧವಿಲ್ಲ.

ನಿನ್ನೆಯದು ಮೂರನೆಯದು. ಹಿಲರಿಯ ಆಪ್ತ ಸಹಾಯಕಿಯ ಗಂಡ, ಈಗ ಬೇರೆ ಇದ್ದಾರೆ, ಅವರ ಮೇಲೆ ಬೇರೆಯೇ ಒಂದು ತನಿಖೆ ನಡೆಯುತ್ತಿತ್ತು. ಅದಕ್ಕೆ ಹಿಡಿದ ಲ್ಯಾಪ್‌ಟಾಪ್‌ನಲ್ಲಿ ಹೆಂಡತಿಯ ಮೇಲ್‌ಗಳೂ ಸಿಕ್ಕಿವೆ. ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಸಂಸತ್ತಿಗೆ ಒಂದು ಚಿಕ್ಕ ಪತ್ರ ಬರೆದಿದ್ದಾರೆ. ಅಷ್ಟಕ್ಕೇ ಇಲ್ಲಿ ರಣರಂಗ.

ನನ್ನ ಮತ ನಾನು ಆಗಲೇ ಹಾಕಿ ಬಂದೆ. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಮುಂಚಿತವಾಗಿ ಮತ ಹಾಕುವ ವ್ಯವಸ್ಥೆ ಇದೇ ಮೊದಲ ಸಲ ಬಂದಿದೆ. ಯಾರಿಗೆ ಅಂತ ಕೇಳಬೇಡಿ.

ಗುಬ್ಬಿ ಗೇಟ್
29 ಅಕ್ಟೋಬರ್, ರಾತ್ರಿ 8.31

ಕೇಳಲ್ಲ ಅಕ್ಕ. ಆ ಪೊಡೆಸ್ಟಾ ಮೇಲ್‌ನಲ್ಲಿ ಏನಾದರೂ ಮಸಾಲೆ ಇತ್ತಾ?

ಬಾಸ್ಟನ್ ಬೆಲ್ಲ
29 ಅಕ್ಟೋಬರ್, ರಾತ್ರಿ 8.44

ಅಡುಗೆ ಇತ್ತು. ಸುಳ್ಳಲ್ಲ. ರಿಸೊಟ್ಟೊ ಅಂತ ಇಟಲಿಯ ಅನ್ನದ ಅಡುಗೆ. ಬೇಯುವಾಗ ಸಾರನ್ನು ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವೇ ಯಾಕೆ ಹಾಕಬೇಕು ಅಂತ ಒಬ್ಬರು ಕೇಳಿದ್ದಾರೆ. ನಿಧಾನಕ್ಕೆ ಹಾಕಿ ಕೈಯಾಡಿಸುತ್ತಿದ್ದರೆ ಅಕ್ಕಿಯ ಗಂಜಿ ಬಿಟ್ಟುಕೊಂಡು ಬೆಣ್ಣೆಯ ಹಾಗೆ ಆಗುತ್ತದೆ ಅಂತ ಪೊಡೆಸ್ಟಾ ವಿವರಿಸಿದ್ದಾರೆ. ಲೋಕವೆಲ್ಲ ಅದನ್ನು ಓದಿತು.

ಲೇಡೀಸ್ ಬೋಗಿ
29 ಅಕ್ಟೋಬರ್, ರಾತ್ರಿ 9.02

ಇದನ್ನು ಕದಿಯಬೇಕಿತ್ತಾ? ನಮ್ಮತ್ತೆಗೆ ಫೋನ್ ಮಾಡಿದ್ದರೆ ಬಿಸಿಬೇಳೆಬಾತಿನ ಜೊತೆ ಸೇರಿಸಿ ಹೇಳುತ್ತಿದ್ದರು.

ಶಿರಾ ಕಡಲೆಕಾಯಿ
30 ಅಕ್ಟೋಬರ್, ಬೆಳಿಗ್ಗೆ 7.30

ನಾನು ಸರ್ಕಾರಿ ನೌಕರ. ಯಾವ ಇಲಾಖೆ, ಯಾವ ಊರು ಕೇಳಬೇಡಿ. ಹೆಸರಿಗೆ ಮಾತ್ರ ಶಿರಾ ಕಡಲೆಕಾಯಿ.

ಹಿಲರಿ ಹೇಳಿದ ಅನುಕೂಲ ಅನ್ನುವ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಕಚೇರಿಗೂ ಸರ್ಕಾರಿ ಮೇಲ್ ಇದೆ. ಪಾಸ್‌ವರ್ಡ್ ಮೂರು ತಿಂಗಳಿಗೊಮ್ಮೆ ಸಾಯುತ್ತದೆ. ಸತ್ತ ದಿನವೇ ಜಿಲ್ಲೆಯಿಂದ ತುರ್ತು ವರದಿ ಕೇಳುತ್ತಾರೆ. ಆಗ ಸಾಹೇಬರು, ಸುಮ್ನೆ ನನ್ನ ಜಿಮೇಲ್‌ನಿಂದ ಕಳಿಸಪ್ಪ ಅನ್ನುತ್ತಾರೆ. ಒಂದು ಸಲ ಕಳಿಸಿದ ಮೇಲೆ ಉತ್ತರವೂ ಅಲ್ಲಿಗೇ ಬರುತ್ತದೆ. ಆಮೇಲೆ ಎಲ್ಲವೂ ಅಲ್ಲಿಗೇ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇಮೇಲ್ ನೀತಿ ಹೊರಡಿಸಿ, ಸರ್ಕಾರಿ ಕೆಲಸಕ್ಕೆ ಸರ್ಕಾರದ್ದೇ ಆದ ಎನ್‌ಐಸಿ ಮೇಲ್ ಬಳಸಿ ಅಂತ ಹೇಳಿತು. ಹಿಲರಿ ಸುದ್ದಿ ಬರುವುದಕ್ಕೆ ಸ್ವಲ್ಪ ದಿನ ಮುಂಚೆ. ಆ ಸುತ್ತೋಲೆಯ ಪ್ರತಿ ನನಗೆ ಬಂದದ್ದೂ ಸಾಹೇಬರ ಜಿಮೇಲ್‌ನಿಂದಲೇ.

ಒಂದು ದಿನ ಸಾಹೇಬರಿಗೆ ವರ್ಗ ಆಯಿತು. ಹಾರ ಹಾಕಿ, ಮೈಸೂರು ಪಾಕ್ ತಿಂದು, ಫೋಟೊ ತೆಗೆಸಿಕೊಂಡು ಕಳಿಸಿದೆವು. ಎರಡು ತಿಂಗಳಿಗೆ ಒಬ್ಬ ರೈತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ. ಅವನ ಜಮೀನಿನ ವಿಷಯದಲ್ಲಿ ಮೇಲಿನ ಕಚೇರಿಗೂ ನಮಗೂ ಆದ ಪತ್ರ ವ್ಯವಹಾರ ಬೇಕಂತೆ. ಇಡೀ ಕಚೇರಿ ಹುಡುಕಿದೆವು. ಕಪಾಟಿನಲ್ಲಿ ಇಲ್ಲ, ಕಂಪ್ಯೂಟರಿನಲ್ಲಿ ಇಲ್ಲ. ಎಲ್ಲ ಸಾಹೇಬರ ಜಿಮೇಲ್ ಜೊತೆ ಬೇರೆ ಜಿಲ್ಲೆಗೆ ಹೋಗಿತ್ತು. ಫೋನ್ ಮಾಡಿದರೆ, ಜಾಗ ತುಂಬಿತ್ತು ಕಣಯ್ಯ, ಹಳೆಯದೆಲ್ಲ ಅಳಿಸಿದೆ ಅಂದರು. ಅವರ ಮನಸ್ಸಿನಲ್ಲಿ ಮೋಸ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮೊಮ್ಮಗಳ ನಾಮಕರಣದ ಫೋಟೊಗೆ ಜಾಗ ಮಾಡಿಕೊಂಡಿದ್ದರು ಅಷ್ಟೆ.

ಕಡತ ಲಭ್ಯವಿಲ್ಲ ಅಂತ ಟೈಪ್ ಮಾಡಿದ್ದು ನಾನು. ಆ ರೈತ ಕಾಗದವನ್ನು ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡ. ಜೇಬಿನಲ್ಲಿ ಬೀಡಿ ಕಟ್ಟು, ಒಂದು ಬಾಚಣಿಗೆ ಇತ್ತು. ಕಾಗದ ಹಿಡಿಸಲಿಲ್ಲ. ಬಾಚಣಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಇಳಿದ.

ಮೇಷ್ಟ್ರು
30 ಅಕ್ಟೋಬರ್, ಬೆಳಿಗ್ಗೆ 8.15

ಅಮಾವಾಸ್ಯೆ ದಿನ ಬೆಳಿಗ್ಗೆ ಇಂಥದ್ದು ಓದಿಸಿದೆಯಲ್ಲಪ್ಪ. ಮುಂದೇನಾಯಿತು?

ಶಿರಾ ಕಡಲೆಕಾಯಿ
30 ಅಕ್ಟೋಬರ್, ಬೆಳಿಗ್ಗೆ 8.40

ಮೇಲಿನ ಕಚೇರಿಯವರ ಬಳಿ ಪ್ರತಿ ಇತ್ತು ಸಾರ್. ಅವರು ಸರ್ಕಾರಿ ಮೇಲ್ ಬಳಸಿದ್ದರು. ನಾಲ್ಕು ತಿಂಗಳು ತಡವಾಗಿ ಸಿಕ್ಕಿತು.

ಕೊಬ್ಬರಿ ಮಂಡಿ
30 ಅಕ್ಟೋಬರ್, ಬೆಳಿಗ್ಗೆ 10.05

ನಿಮ್ಮ ಸಾಹೇಬರದು ಮರೆವು. ಹಿಲರಿಯದು ಲೆಕ್ಕಾಚಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ವಕೀಲರನ್ನು ಕೂರಿಸಿಕೊಂಡು ಆರಿಸಿ ಅಳಿಸಿದ್ದಾರೆ.

ಬಾಸ್ಟನ್ ಬೆಲ್ಲ
30 ಅಕ್ಟೋಬರ್, ಸಂಜೆ 6.50

ಆರಿಸಿದ್ದು ನಿಜ. ಲೆಕ್ಕ ಹೀಗಿದೆ. ಒಟ್ಟು ಸುಮಾರು 62 ಸಾವಿರ ಮೇಲ್. ಅದರಲ್ಲಿ 30,490 ಕೆಲಸದ್ದು ಅಂತ 2014ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ ಒಪ್ಪಿಸಿದರು. ಕಾಗದದ ಮೇಲೆ ಅಚ್ಚು ಹಾಕಿಸಿ, ಸುಮಾರು 55 ಸಾವಿರ ಪುಟ. ಉಳಿದ 31,830 ಸ್ವಂತದ್ದು, ಅದನ್ನು ಇಟ್ಟುಕೊಳ್ಳಲಿಲ್ಲ ಅಂದರು. ಮಗಳ ಮದುವೆ, ತಾಯಿಯ ಅಂತ್ಯಕ್ರಿಯೆ, ಯೋಗಾಭ್ಯಾಸ ಇಂಥವು ಅಂತ.

ಕೋಮಿ ಈ ವರ್ಷ ಜುಲೈ 5ರಂದು ಹೇಳಿದ ಒಂದು ಮಾತು ನನಗೆ ಮುಖ್ಯ ಅನ್ನಿಸಿತು. ಆರಿಸಿದ ವಕೀಲರು ಒಂದೊಂದೇ ಮೇಲ್ ತೆರೆದು ಓದಲಿಲ್ಲವಂತೆ. ಕಳಿಸಿದವರ ಹೆಸರು, ವಿಷಯದ ಸಾಲು, ಕೆಲವು ಪದ ಇಟ್ಟುಕೊಂಡು ಹುಡುಕಿ ಬೇರ್ಪಡಿಸಿದರು. ಹಾಗಾಗಿ ಕೆಲಸದ ಮೇಲ್ ಎಷ್ಟೋ ಸಾವಿರ ತಪ್ಪಿಸಿಕೊಂಡಿದ್ದವು. ಎಫ್‌ಬಿಐನವರಿಗೆ ಅವು ಬೇರೆ ಬೇರೆ ಕಡೆ ಸಿಕ್ಕವು. ಒಪ್ಪಿಸಿದ ಮೇಲ್‌ಗಳಲ್ಲಿ 110ರಲ್ಲಿ ಕಳಿಸುವಾಗಲೇ ಗುಪ್ತ ಮಾಹಿತಿ ಇತ್ತು. ವಿಪರೀತ ಅಜಾಗರೂಕತೆ, ಆದರೆ ಕೇಸ್ ಹಾಕುವಂಥದ್ದಲ್ಲ ಅಂತ ಕೋಮಿ ಮುಗಿಸಿದ್ದರು. ಮೊನ್ನೆಯವರೆಗೆ.

ಇನ್ನೊಂದು. ಹಿಂದೆ ಅದೇ ಖುರ್ಚಿಯಲ್ಲಿದ್ದ ಕಾಲಿನ್ ಪೊವೆಲ್ ಕೂಡ ಸ್ವಂತ ಮೇಲ್ ಬಳಸಿದವರೇ. ಅವರು ಮನೆಯಲ್ಲಿ ಸರ್ವರ್ ಇಟ್ಟಿರಲಿಲ್ಲ, ಅದು ವ್ಯತ್ಯಾಸ.

ಲೇಡೀಸ್ ಬೋಗಿ
30 ಅಕ್ಟೋಬರ್, ರಾತ್ರಿ 7.15

ಅಂದರೆ ವಕೀಲರು ದಪ್ಪ ಹಲ್ಲಲ್ಲಿ ಬಾಚಿದರು. ಎಫ್‌ಬಿಐನವರು ಸೀರಣಿಗೆ ಹಾಕಿದರು.

ಕಿಟಕಿ ಸೀಟು
30 ಅಕ್ಟೋಬರ್, ರಾತ್ರಿ 7.40

ಇದನ್ನು ಗೋಡೆ ಮೇಲೆ ಬರೆಸಬೇಕು ಮೇಡಂ.

ನನಗೆ ಇನ್ನೊಂದು ಅನ್ನಿಸುತ್ತಿದೆ. ಮಂಡಿ ಅಣ್ಣನ ಕೋಪ ಅಳಿಸಿದ್ದರ ಮೇಲೆ. ಅದಕ್ಕಿಂತ ಹಿಂದಿನದು ನನಗೆ ಕಾಡುತ್ತದೆ. ಯಾವುದು ಸ್ವಂತದ್ದು, ಯಾವುದು ಎಲ್ಲರದು ಅಂತ ಆರಿಸುವ ಕೆಲಸ ಇವರ ಕೈಗೆ ಬಂದಿದ್ದು ಯಾಕೆ? ಎರಡನ್ನೂ ಒಂದೇ ಜೇಬಿನಲ್ಲಿ ಇಟ್ಟುಕೊಂಡಿದ್ದಕ್ಕೆ. ಶಿರಾ ಅವರ ಸಾಹೇಬರೂ ಅಷ್ಟೇ. ಸರ್ಕಾರಿ ಸರ್ವರ್‌ನಲ್ಲಿ ಇದ್ದಿದ್ದರೆ ಆರಿಸುವ ಮಾತೇ ಬರುತ್ತಿರಲಿಲ್ಲ.

ನಮ್ಮ ಕಂದು ಬಾಚಣಿಗೆಯನ್ನು ಯಾರೋ ಸ್ವಂತದ್ದು ಅಂತ ಜೇಬಿಗೆ ಇಳಿಸಿದ್ದಾರೆ. ದಯವಿಟ್ಟು ನೋಡಿಕೊಳ್ಳಿ. ಗುಬ್ಬಿ, ನಿನಗೇ ಹೇಳುತ್ತಿರೋದು.

ಗುಬ್ಬಿ ಗೇಟ್
30 ಅಕ್ಟೋಬರ್, ರಾತ್ರಿ 7.52

ಹತ್ತು ರೂಪಾಯಿ ಬಾಚಣಿಗೆಗೆ ಇಷ್ಟು ದೊಡ್ಡ ಭಾಷಣ. ಮೂರು ಹಲ್ಲು ಹೋಗಿರುವ ಬಾಚಣಿಗೆ ಕದಿಯುವಷ್ಟು ನಾನು ಕೆಟ್ಟಿಲ್ಲ ಕಣಪ್ಪ.

ಬಾಸ್ಟನ್ ಬೆಲ್ಲ
31 ಅಕ್ಟೋಬರ್, ರಾತ್ರಿ 9.05

ಬಲಿಪಾಡ್ಯಮಿ ಶುಭಾಶಯ. ಬಾಚಣಿಗೆ ಮಾತು ಓದುತ್ತಾ ಒಂದು ನೆನಪಾಯಿತು. ಬಾಸ್ಟನ್‌ನಿಂದ ತುಮಕೂರು ಬೆಂಗಳೂರಿನಷ್ಟೇ ದೂರದಲ್ಲಿ ಲೆಮಿನ್‌ಸ್ಟರ್ ಅಂತ ಒಂದು ಊರಿದೆ. ಒಂದು ಕಾಲಕ್ಕೆ ಅದಕ್ಕೆ ಬಾಚಣಿಗೆ ಪಟ್ಟಣ ಅಂತಲೇ ಹೆಸರು. ಹದಿನೆಂಟನೇ ಶತಮಾನದಿಂದ ಅಲ್ಲಿ ಮೇಷ್ಟ್ರು ಹೇಳಿದ ಹಾಗೆಯೇ ಕೊಂಬಿನ ಬಾಚಣಿಗೆ ಮಾಡುತ್ತಿದ್ದರು. ಆಮೇಲೆ ಸೆಲ್ಯುಲಾಯ್ಡ್ ಅನ್ನುವ ಮೊದಮೊದಲ ಪ್ಲಾಸ್ಟಿಕ್ ಬಂತು, ಕೊಂಬು ಹೋಯಿತು. 1920ರ ದಶಕದಲ್ಲಿ ಹೆಂಗಸರು ಕೂದಲನ್ನು ಕಿವಿ ಮಟ್ಟಕ್ಕೆ ಕತ್ತರಿಸಿಕೊಳ್ಳುವ ಫ್ಯಾಷನ್ ಬಂದೇಬಿಟ್ಟಿತು. ತುರುಬಿಗೆ ಸಿಕ್ಕಿಸುವ ಅಲಂಕಾರದ ಬಾಚಣಿಗೆ ಕೇಳುವವರಿಲ್ಲ. ಅಲ್ಲಿನ ಫಾಸ್ಟರ್ ಗ್ರಾಂಟ್ ಕಂಪನಿ 1929ರಲ್ಲಿ ತಂಪು ಕನ್ನಡಕ ಮಾರಲು ಶುರು ಮಾಡಿ ಬದುಕಿಕೊಂಡಿತು.

ಒಂದು ಊರಿನ ಹೊಟ್ಟೆಪಾಡು ಹೆಂಗಸರ ಜಡೆಗೆ ಕಟ್ಟಿಕೊಂಡಿತ್ತು ನೋಡಿ. ನನ್ನ ಜಡೆ ನೋಡಿ ನಮ್ಮಮ್ಮ ವೀಡಿಯೊ ಕಾಲ್‌ನಲ್ಲಿ ಅತ್ತಿದ್ದು ಅದಕ್ಕಿಂತ ದೊಡ್ಡ ನಷ್ಟ ಅಂದುಕೊಂಡಿದ್ದೆ.

ಮೇಷ್ಟ್ರು
31 ಅಕ್ಟೋಬರ್, ರಾತ್ರಿ 9.30

ಸೆಲ್ಯುಲಾಯ್ಡ್ ಬಾಚಣಿಗೆಗೆ ಬೆಂಕಿ ತಾಗಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಅದರಲ್ಲಿ ಕರ್ಪೂರ ಸೇರಿರುತ್ತದೆ. ಇವತ್ತು ಪಟಾಕಿ ಹಚ್ಚುವವರು ಹಳೆಯ ಬಾಚಣಿಗೆ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ಗುಬ್ಬಿ ಗೇಟ್
3 ನವೆಂಬರ್, ಬೆಳಿಗ್ಗೆ 8.35

ಚಿಕ್ಕಬಾಣಾವರದಲ್ಲಿ ಸಿಗ್ನಲ್‌ಗೆ ನಿಂತಿದ್ದೇವೆ. ಬ್ರೇಕಿಂಗ್ ನ್ಯೂಸ್. ನನ್ನ ಭಾಮೈದನ ಬ್ಯಾಗಿನಲ್ಲಿ ಒಂದು ಕಂದು ಬಾಚಣಿಗೆ ಸಿಕ್ಕಿದೆ. ಆ ಬ್ಯಾಗ್ ಶುಕ್ರವಾರ ನಮ್ಮ ಬೋಗಿಯಲ್ಲೇ ಇತ್ತು. ನಾನೇ ಬಹಿರಂಗ ಮಾಡುತ್ತಿದ್ದೇನೆ, ಮುಚ್ಚಿಡಲಿಲ್ಲ ಅನ್ನುವುದನ್ನು ದಾಖಲು ಮಾಡಿಕೊಳ್ಳಿ.

ಕಿಟಕಿ ಸೀಟು
3 ನವೆಂಬರ್, ಬೆಳಿಗ್ಗೆ 8.38

ನೋಡಿದಿರಾ! ಮೊದಲೇ ಹೇಳಿದ್ದೆ. ಸಂಬಂಧಿಕರ ಬ್ಯಾಗೇ ಆಗಿರುತ್ತದೆ.

ಗುಬ್ಬಿ ಗೇಟ್
3 ನವೆಂಬರ್, ಬೆಳಿಗ್ಗೆ 9.20

ಯಶವಂತಪುರದಲ್ಲಿ ಪಂಚನಾಮೆ ಆಯಿತು. ಹಲ್ಲು ಹೋಗಿರುವುದು ದಪ್ಪ ಕಡೆ, ಅದೂ ಎರಡೇ. ಕಿಟಕಿ ಸೀಟು ಸಾಹೇಬರು, ಪೂರ್ತಿ ತನಿಖೆ ಆಗಲಿ ಅಂತ ಬಾಚಣಿಗೆ ವಶಕ್ಕೆ ತೆಗೆದುಕೊಂಡಿದ್ದಾರೆ. ಭಾಮೈದ ಕೆದರಿದ ತಲೆಯಲ್ಲೇ ಇಂಟರ್‌ವ್ಯೂಗೆ ಹೋದ.

ಲೇಡೀಸ್ ಬೋಗಿ
3 ನವೆಂಬರ್, ಬೆಳಿಗ್ಗೆ 9.45

ಪಾಪ. ಕೆಲಸ ಸಿಕ್ಕಿತಾ ಹೇಳಿ ಆಮೇಲೆ.

ಕೊಬ್ಬರಿ ಮಂಡಿ
7 ನವೆಂಬರ್, ಬೆಳಿಗ್ಗೆ 9.15

ಆ ಲ್ಯಾಪ್‌ಟಾಪ್‌ನಲ್ಲಿ ಆರೂವರೆ ಲಕ್ಷ ಮೇಲ್ ಇದ್ದವು ಅಂತ ಪತ್ರಿಕೆಯಲ್ಲಿ ಬಂದಿತ್ತು. ಈಗ ಕೋಮಿ ಏನೂ ಸಿಗಲಿಲ್ಲ, ನಮ್ಮ ಹಳೆಯ ತೀರ್ಮಾನವೇ ಸರಿ ಅಂತಾರೆ. ಒಂಬತ್ತು ದಿನದಲ್ಲಿ ಆರೂವರೆ ಲಕ್ಷ ಓದಿದರಾ? ನಮ್ಮ ಮಂಡಿಯಲ್ಲಿ ವರ್ಷದ ಲೆಕ್ಕ ಪುಸ್ತಕ ನೋಡಲು ಆಡಿಟರ್‌ಗೆ ಒಂದು ತಿಂಗಳು ಬೇಕು.

ಕಿಟಕಿ ಸೀಟು
7 ನವೆಂಬರ್, ಬೆಳಿಗ್ಗೆ 9.40

ಇದು ನನ್ನ ಕೆಲಸದ ವಿಷಯ, ಹೇಳುತ್ತೇನೆ ಅಣ್ಣ. ಎಲ್ಲ ಓದಬೇಕಾಗಿಲ್ಲ. ಹಿಲರಿಗೆ ಹೋದದ್ದು, ಅವರಿಂದ ಬಂದದ್ದು ಮೊದಲು ಬೇರೆ ಮಾಡುತ್ತಾರೆ. ಅಲ್ಲಿಗೇ ರಾಶಿ ಇಳಿಯುತ್ತದೆ. ಪ್ರತಿ ಮೇಲ್‌ಗೂ ಬೆರಳಚ್ಚಿನಂಥ ಒಂದು ಗುರುತನ್ನು ಕಂಪ್ಯೂಟರ್ ಲೆಕ್ಕ ಹಾಕಿ ತೆಗೆಯುತ್ತದೆ. ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ. ಈಗಾಗಲೇ ನೋಡಿರುವ ಮೇಲ್‌ಗಳ ಗುರುತಿನ ಜೊತೆ ಹೋಲಿಸಿ, ತಾಳೆಯಾದದ್ದನ್ನು ಪಕ್ಕಕ್ಕೆ ಹಾಕಿದರೆ ಉಳಿದದ್ದನ್ನಷ್ಟೇ ಓದಿದರೆ ಸಾಕು. ಬಂದವು ಬಹುಪಾಲು ಹಳೆಯವುಗಳ ಪ್ರತಿಗಳೇ ಅಂತೆ.

ಗುಬ್ಬಿ ಗೇಟ್
7 ನವೆಂಬರ್, ಬೆಳಿಗ್ಗೆ 9.48

ಹಾಗಾದರೆ ನನ್ನ ಭಾಮೈದನ ಬಾಚಣಿಗೆಗೆ ಯಾಕೆ ನಾಲ್ಕು ದಿನ ಆದರೂ ಕ್ಲೀನ್ ಚಿಟ್ ಬಂದಿಲ್ಲ?

ಕಿಟಕಿ ಸೀಟು
7 ನವೆಂಬರ್, ಬೆಳಿಗ್ಗೆ 10.02

ನಾಳೆ ಕೊಡುತ್ತೇನೆ. ಇವತ್ತು ಯಶವಂತಪುರದಲ್ಲಿ ಎಲ್ಲರೂ ಅದರಲ್ಲೇ ಬಾಚಿಕೊಂಡೆವು.

ಶಿರಾ ಕಡಲೆಕಾಯಿ
8 ನವೆಂಬರ್, ರಾತ್ರಿ 8.45

ಟಿವಿ ಹಾಕಿ. ಬೇಗ. 500, 1000ದ ನೋಟು ಇವತ್ತು ಮಧ್ಯರಾತ್ರಿಯಿಂದ ನಡೆಯಲ್ಲ. ಪ್ರಧಾನಿ ಈಗ ಹೇಳಿದರು.

ಕೊಬ್ಬರಿ ಮಂಡಿ
8 ನವೆಂಬರ್, ರಾತ್ರಿ 8.52

ತಮಾಷೆ ಬೇಡ.

ಕೊಬ್ಬರಿ ಮಂಡಿ
8 ನವೆಂಬರ್, ರಾತ್ರಿ 9.10

ನಾಳೆ ತಿಪಟೂರು ಸಂತೆ ಹೇಗೆ ಮಾಡುವುದು?

ಲೇಡೀಸ್ ಬೋಗಿ
8 ನವೆಂಬರ್, ರಾತ್ರಿ 10.30

ಅಕ್ಕಿ ಡಬ್ಬದಲ್ಲಿ, ಸೀರೆ ಮಡಿಕೆಯಲ್ಲಿ, ದೇವರ ಗೂಡಿನ ಹಿಂದೆ. ನಮ್ಮತ್ತೆ ಒಂದೊಂದೇ ಕಡೆಯಿಂದ ತೆಗೆಯುತ್ತಿದ್ದಾರೆ. ಮಾವನ ಮುಖ ನೋಡಬೇಕು. ಮನೆಯಲ್ಲೇ ಖಾಸಗಿ ಸರ್ವರ್ ಇತ್ತು.

ಬಾಸ್ಟನ್ ಬೆಲ್ಲ
9 ನವೆಂಬರ್, ಮಧ್ಯಾಹ್ನ 1.20

ಇಲ್ಲಿ ರಾತ್ರಿ ಮೂರು ಗಂಟೆ ಆಗುತ್ತಾ ಬಂತು. ಟ್ರಂಪ್ ಗೆದ್ದರು. ಮಂಡಿ ಅಣ್ಣ, ನೀವು ಹೇಳಿದ್ದೇ ಆಯಿತು.

ಕೊಬ್ಬರಿ ಮಂಡಿ
9 ನವೆಂಬರ್, ಮಧ್ಯಾಹ್ನ 1.55

ಹೌದಾ. ಆಗಲಿ ತಂಗಿ. ನನಗೆ ಈಗ ನೂರರ ನೋಟು ಯಾರ ಹತ್ತಿರ ಇದೆ ಅನ್ನುವುದೇ ಚಿಂತೆ. ಹಮಾಲರಿಗೆ ಕೂಲಿ ಕೊಡಬೇಕು. ಬ್ಯಾಂಕ್ ಬೇರೆ ಮುಚ್ಚಿದೆ.

ಕಿಟಕಿ ಸೀಟು
10 ನವೆಂಬರ್, ಬೆಳಿಗ್ಗೆ 7.05

ಎಲ್ಲರೂ ಬೈಯುವುದಿದ್ದರೆ ಒಂದೇ ಸಲ ಬೈದುಬಿಡಿ.

ಹಬ್ಬದ ಹಿಂದಿನ ದಿನ ಇಸ್ತ್ರಿಗೆ ಕೊಟ್ಟಿದ್ದ ಪ್ಯಾಂಟ್ ನಿನ್ನೆ ರಾತ್ರಿ ಮನೆಗೆ ಬಂತು. ಇಸ್ತ್ರಿಯವರು ಊರಿಗೆ ಹೋಗಿದ್ದರಂತೆ. ಹಿಂದಿನ ಜೇಬು ಉಬ್ಬಿತ್ತು. ಕೈ ಹಾಕಿದರೆ ಕಂದು ಬಾಚಣಿಗೆ. ಶುಕ್ರವಾರ ಮಲ್ಲೇಶ್ವರದಲ್ಲಿ ಯಾರೋ ವಾಪಸ್ ಕೊಟ್ಟಿದ್ದಾರೆ, ನಾನೇ ಜೇಬಿಗೆ ಇಳಿಸಿ ಮರೆತಿದ್ದೇನೆ. ಪೆಟ್ಟಿಗೆಯ ಕಾವಿಗೆ ಬಿಲ್ಲಿನ ಹಾಗೆ ಬಾಗಿದೆ. ಅದರ ಕೆಳಗೆ ಮಡಚಿದ 500ರ ಒಂದು ನೋಟು. ಹಬ್ಬಕ್ಕೆ ಅಂತ ತೆಗೆದಿಟ್ಟು, ಕಳೆಯಿತು ಅಂತ ಮನೆಯಲ್ಲಿ ಜಗಳ ಮಾಡಿದ್ದೆ.

ಗುಬ್ಬಿ, ನಿನ್ನ ಭಾಮೈದನ ಬಾಚಣಿಗೆ ಇವತ್ತೇ ಕೊಡುತ್ತೇನೆ.

ಗುಬ್ಬಿ ಗೇಟ್
10 ನವೆಂಬರ್, ಬೆಳಿಗ್ಗೆ 7.11

ಬರೀ ಬಾಚಣಿಗೆ ಸಾಲದು. ತಟ್ಟೆ ಇಡ್ಲಿ ಬೇಕು. ನನಗೆರಡು, ಅವನಿಗೆ ನಾಲ್ಕು. ಅವನಿಗೆ ಕೆಲಸ ಸಿಕ್ಕಿತು.

ಶಿರಾ ಕಡಲೆಕಾಯಿ
10 ನವೆಂಬರ್, ಬೆಳಿಗ್ಗೆ 7.20

ರೈಲ್ವೆ ಕೌಂಟರ್‌ನಲ್ಲಿ ಹಳೆಯ ನೋಟು ನಾಳೆ ಮಧ್ಯರಾತ್ರಿವರೆಗೆ ತೆಗೆದುಕೊಳ್ಳುತ್ತಾರೆ. ಆ 500ರಲ್ಲಿ ಪಾಸ್ ಮಾಡಿಸಿಕೊಂಡುಬಿಡಿ.

ಕಿಟಕಿ ಸೀಟು
10 ನವೆಂಬರ್, ಬೆಳಿಗ್ಗೆ 8.50

ಮಾಡಿಸಿದೆ. ಕ್ಯೂ ನಿಲ್ದಾಣದ ಹೊರಗಿನವರೆಗೆ ಇತ್ತು. ಚಿಲ್ಲರೆ ಇಲ್ಲ ಅಂದರು. ತಿಂಗಳ ಪಾಸ್ ಬಿಟ್ಟು, ಇದ್ದ ನೂರರ ನೋಟುಗಳನ್ನೆಲ್ಲ ಸೇರಿಸಿ ಮೂರು ತಿಂಗಳದ್ದೇ ಮಾಡಿಸಿದೆ. ಇಡ್ಲಿಗೆ ಈಗ ಕೈಯಲ್ಲಿ ಕಾಸಿಲ್ಲ.

ನಿಡವಂದದಲ್ಲಿ ಬಾಚಣಿಗೆ ಮಾರುವವನು ಹತ್ತಿದ. ಹತ್ತಕ್ಕೊಂದು, ಹತ್ತಕ್ಕೊಂದು ಅಂತ ಕೂಗಲೇ ಇಲ್ಲ. ಎಲ್ಲರೂ 500 ತೋರಿಸುತ್ತಾರೆ ಅಂತ ಸುಮ್ಮನೆ ಬಾಗಿಲ ಹತ್ತಿರ ಕೂತಿದ್ದ. ಬಾಗಿದ ಬಾಚಣಿಗೆ ತೋರಿಸಿದೆ. ತಿರುಗಿಸಿ ನೋಡಿ ನಕ್ಕು, ಹೊಸದೊಂದು ನನ್ನ ಕೈಗಿಟ್ಟ. ದುಡ್ಡು ಯಾವಾಗಲಾದರೂ ಕೊಡಿ ಸಾರ್, ಪಾಸ್ ಇದೆಯಲ್ಲ, ಎಲ್ಲಿ ಹೋಗ್ತೀರಾ ಅಂದ.

ಇದೂ ಕಂದೇ. ಯಶವಂತಪುರದಲ್ಲಿ ಹೊರಗೆ ತೆಗೆಯುತ್ತೇನೆ.

ಲೇಡೀಸ್ ಬೋಗಿ
10 ನವೆಂಬರ್, ಬೆಳಿಗ್ಗೆ 8.53

ಊದಬೇಡಿ. ತೊಳೆಯಿರಿ.